ಸಿ60 ಅಯಾನು ಇನ್ನೊಂದು ಸಿ60 ಪಕ್ಕ ಹಾದುಹೋಗುವಾಗ ಎಲೆಕ್ಟ್ರಾನ್ ದಾಟುವುದು ಎಲ್ಲಿ?

ಸಹನಾ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ಸೆಮಿನಾರಿಗೆ ಫುಲರೀನ್‌ಗಳ ನಡುವಿನ ಚಾರ್ಜ್ ವರ್ಗಾವಣೆ ಆರಿಸಿಕೊಂಡಿದ್ದೇನೆ. ಫುಲರೀನ್ ಎಂದರೆ ಇಂಗಾಲದ ಪರಮಾಣುಗಳ ಟೊಳ್ಳು ಪಂಜರ. 60 ಪರಮಾಣುಗಳ ಚೆಂಡಿನಂಥದ್ದು ಸಿ60. ಪ್ರಯೋಗ ಕೇಳಲು ಸರಳ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸಿ60 ಅಯಾನು ವೇಗವಾಗಿ ಬರುತ್ತದೆ. ಎದುರಿಗೆ ಸಿ60ರ ಆವಿ ಇರುತ್ತದೆ. ಹಾದುಹೋಗುವಾಗ ಆವಿಯ ಅಣುವಿನಿಂದ ಒಂದು ಎಲೆಕ್ಟ್ರಾನ್ ಅಯಾನಿಗೆ ಬರುತ್ತದೆ. ಬಂದದ್ದು ತಟಸ್ಥವಾಗಿ ಮುಂದೆ ಹೋಗುತ್ತದೆ, ಅಲ್ಲಿದ್ದದ್ದು ಅಯಾನು ಆಗುತ್ತದೆ.

ನನಗೆ ಬಗೆಹರಿಯದ್ದು ಎರಡು ವಿಷಯ. ಹೀಲಿಯಂ ಅಯಾನು ಮತ್ತು ಹೀಲಿಯಂ ಪರಮಾಣುವಿನಂಥ ಜೋಡಿಗೆ ಬಳಸುವ ಹಳೆಯ ಸೂತ್ರವನ್ನೇ ಇಲ್ಲಿಗೂ ತರುತ್ತಾರೆ. ಆದರೆ ಸಿ60ರಲ್ಲಿ 60 ಪರಮಾಣು, 240 ವೇಲೆನ್ಸ್ ಎಲೆಕ್ಟ್ರಾನ್, 174 ಕಂಪನ ರೀತಿಗಳಿವೆ. ಇಷ್ಟೆಲ್ಲ ಇರುವಾಗ ಪರಮಾಣುವಿನ ಸೂತ್ರ ಹೇಗೆ ನಿಲ್ಲುತ್ತದೆ? ಆಮೇಲೆ, ವೇಗ ಎಷ್ಟೋ ಪಟ್ಟು ಹೆಚ್ಚಿದರೂ ಕ್ರಾಸ್ ಸೆಕ್ಷನ್ (ವರ್ಗಾವಣೆ ನಡೆಯುವ ಸಾಧ್ಯತೆಯನ್ನು ವಿಸ್ತೀರ್ಣವಾಗಿ ಹೇಳುವ ಅಳತೆ) ಸ್ವಲ್ಪವೇ ಇಳಿಯುತ್ತದಂತೆ. ಯಾಕೆ? ಸೂತ್ರ ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ಬಾಯಿಮಾತಲ್ಲಿ ಹೇಳಲು ಬರುತ್ತಿಲ್ಲ.

ಹುಬ್ಳಿ_ವಿನಾಯಕ

ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಎದುರುಬದುರು ಬರುವ ಎರಡು ಬಸ್ಸು ಒಂದನ್ನೊಂದು ಹಾದುಹೋಗುವಾಗ, ಕಿಟಕಿಯಿಂದ ಕಿಟಕಿಗೆ ಒಂದು ಪೊಟ್ಟಣ ದಾಟಿಸಿದ ಹಾಗೆ. ಬಸ್ಸಿಗೆ ಬಸ್ಸು ತಾಗಬೇಕಿಲ್ಲ. ಪೊಟ್ಟಣ ಹಗುರ, ಆದ್ದರಿಂದ ಬಸ್ಸಿನ ದಾರಿಯೂ ಬದಲಾಗುವುದಿಲ್ಲ. ಸಿ60 ಒಂದರ ತೂಕ 720 ಏಕಮಾನ. ಎಲೆಕ್ಟ್ರಾನ್ ಅದರ ಮುಂದೆ ಏನೂ ಅಲ್ಲ. ಇಷ್ಟೇ ಅಲ್ವಾ?

ರಾಘು_ಮಾಸ್ತರ

ವಿನಾಯಕ, ಬಸ್ಸು ತಾಗಬೇಕಿಲ್ಲ, ದಾರಿ ಬದಲಾಗುವುದಿಲ್ಲ ಎನ್ನುವ ತನಕ ನಿಮ್ಮ ಮಾತು ಸರಿ. ಆದರೆ ಪೊಟ್ಟಣ ಒಂದು ಸಲ ದಾಟಿದರೆ ಮುಗಿಯಿತು. ಎಲೆಕ್ಟ್ರಾನ್ ಹಾಗಲ್ಲ. ಎರಡೂ ಕಡೆ ಒಂದೇ ಥರದ ಅಣು ಇರುವಾಗ, ಆಚೆ ಇರುವುದಕ್ಕೂ ಈಚೆ ಇರುವುದಕ್ಕೂ ಶಕ್ತಿಯಲ್ಲಿ ವ್ಯತ್ಯಾಸವೇ ಇಲ್ಲ. ಹತ್ತಿರ ಬಂದಾಗ ಎಲೆಕ್ಟ್ರಾನ್ ಆಚೆ ಹೋಗುತ್ತದೆ, ಈಚೆ ಬರುತ್ತದೆ, ಮತ್ತೆ ಹೋಗುತ್ತದೆ. ಅಣುಗಳು ದೂರ ಸರಿದಾಗ ಈ ಓಡಾಟ ನಿಲ್ಲುತ್ತದೆ. ನಿಂತಾಗ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ತುಂಬ ಹತ್ತಿರ ಹಾದುಹೋದರೆ ಓಡಾಟ ಎಷ್ಟೋ ಸಲ ಆಗಿರುತ್ತದೆ. ಆದ್ದರಿಂದ ಕೊನೆಗೆ ಆಚೆ ಸಿಗುವ ಸಾಧ್ಯತೆ ಸರಾಸರಿ ಅರ್ಧ. ತುಂಬ ದೂರ ಹಾದುಹೋದರೆ ಒಂದು ಸಲ ದಾಟುವುದಕ್ಕೂ ಸಮಯ ಸಾಲುವುದಿಲ್ಲ. ಸಾಧ್ಯತೆ ಸೊನ್ನೆ. ಈ ಎರಡರ ನಡುವೆ ಒಂದು ಗಡಿ ದೂರ ಇದೆ. ಅದನ್ನು 'ಬಿ' ಎಂದು ಕರೆಯೋಣ. ಕ್ರಾಸ್ ಸೆಕ್ಷನ್ ಎಂದರೆ ಬಿ ತ್ರಿಜ್ಯದ ವೃತ್ತದ ವಿಸ್ತೀರ್ಣದ ಅರ್ಧ. 1951ರಲ್ಲಿ ಸೋವಿಯತ್ ವಿಜ್ಞಾನಿ ಫಿರ್ಸೋವ್ ಕೊಟ್ಟ ಸೂತ್ರದ ತಿರುಳು ಇಷ್ಟೇ.

ಸಹನಾ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಣುವಿನ ಹೊರಗೆ ಎಲೆಕ್ಟ್ರಾನಿನ ತರಂಗ ಫಲನ ಘಾತೀಯವಾಗಿ ಕುಗ್ಗುತ್ತದೆ. ಎಷ್ಟು ಬೇಗ ಕುಗ್ಗುತ್ತದೆ ಎನ್ನುವುದನ್ನು ಅಯಾನೀಕರಣ ಶಕ್ತಿ (ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ) ಒಂದೇ ನಿರ್ಧರಿಸುತ್ತದೆ. ಸಿ60ರ ಅಯಾನೀಕರಣ ಶಕ್ತಿ 7.6 ಎಲೆಕ್ಟ್ರಾನ್ ವೋಲ್ಟ್. ಅದನ್ನು ಹಾಕಿದರೆ, ಒಂದು ಆಂಗ್ಸ್ಟ್ರಾಮ್ (ನ್ಯಾನೋಮೀಟರಿನ ಹತ್ತನೇ ಒಂದು ಪಾಲು) ದೂರ ಸರಿದರೆ ಎರಡು ಅಣುಗಳ ನಡುವಿನ ಜೋಡಣೆ, ಅಂದರೆ ಎಲೆಕ್ಟ್ರಾನಿಗೆ ದಾಟಲು ಸಿಗುವ ಕೊಂಡಿಯ ಬಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಈಗ ವೇಗವನ್ನು 10 ಪಟ್ಟು ಮಾಡಿ. ಸಿಗುವ ಸಮಯ ಹತ್ತರಲ್ಲಿ ಒಂದು ಪಾಲು. ಹಾಗಾದರೆ ಜೋಡಣೆ 10 ಪಟ್ಟು ಗಟ್ಟಿ ಇರುವ ಜಾಗಕ್ಕೆ ಬರಬೇಕು. ಅದಕ್ಕೆ ಎಷ್ಟು ಹತ್ತಿರ ಸರಿಯಬೇಕು? ಬರೀ 1.6 ಆಂಗ್ಸ್ಟ್ರಾಮ್.

ಚಿಕ್ಕ ಪರಮಾಣುವಿನಲ್ಲಿ ಬಿ ನಾಲ್ಕೈದು ಆಂಗ್ಸ್ಟ್ರಾಮ್ ಮಾತ್ರ. ಅದರಲ್ಲಿ ಒಂದೂವರೆ ಹೋದರೆ ದೊಡ್ಡ ಪಾಲೇ ಹೋಯಿತು. ಸಿ60ರಲ್ಲಿ ಬಿ 12 ಆಂಗ್ಸ್ಟ್ರಾಮ್ ಎಂದು ಇಟ್ಟುಕೊಳ್ಳಿ. ಅದು 10.4ಕ್ಕೆ ಇಳಿಯುತ್ತದೆ. ಕ್ರಾಸ್ ಸೆಕ್ಷನ್ ಕಾಲು ಭಾಗದಷ್ಟು ಕಡಿಮೆ ಆಗುತ್ತದೆ, ಅಷ್ಟೇ. ವೇಗ 10 ಪಟ್ಟು ಎಂದರೆ ಶಕ್ತಿ 100 ಪಟ್ಟು ಎನ್ನುವುದನ್ನೂ ನೆನಪಿಡಿ. ಅಷ್ಟು ದೊಡ್ಡ ಬದಲಾವಣೆಗೆ ಇಷ್ಟು ಸಣ್ಣ ಇಳಿತ.

ಸಹನಾ_ಎಂಎಸ್ಸಿ

ಸರ್, ಇದು ತುಂಬ ಸಹಾಯ ಆಯಿತು. ಆದರೆ 12 ಆಂಗ್ಸ್ಟ್ರಾಮ್ ಎಲ್ಲಿಂದ ಬಂತು? ಸುಮ್ನೆ ಉದಾಹರಣೆಗೋ, ಲೆಕ್ಕ ಇದೆಯೋ?

ರಾಘು_ಮಾಸ್ತರ

ಒರಟು ಲೆಕ್ಕ ಇದೆ. ಘನ ಸಿ60ರಲ್ಲಿ ಪಕ್ಕಪಕ್ಕದ ಎರಡು ಅಣುಗಳ ಕೇಂದ್ರಗಳ ನಡುವೆ 10 ಆಂಗ್ಸ್ಟ್ರಾಮ್ ಇರುತ್ತದೆ. ಅದನ್ನೇ ತಾಗುವ ದೂರ ಎಂದುಕೊಳ್ಳೋಣ. ಆ ದೂರದಲ್ಲಿ ಅಣುವಿನಿಂದ ಅಣುವಿಗೆ ಎಲೆಕ್ಟ್ರಾನ್ ಜೋಡಣೆ ಎಲೆಕ್ಟ್ರಾನ್ ವೋಲ್ಟಿನ ಹತ್ತನೇ ಒಂದರ ಆಸುಪಾಸು. ಘನದ ಬ್ಯಾಂಡ್ ಅಗಲ (ಅಲ್ಲಿ ಎಲೆಕ್ಟ್ರಾನಿನ ಶಕ್ತಿ ಹರಡಿಕೊಳ್ಳುವ ವ್ಯಾಪ್ತಿ) ನೋಡಿದರೆ ಈ ಅಂದಾಜು ಸಿಗುತ್ತದೆ.

ಈಗ 2000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಸಿ60 ಅಯಾನು ತೆಗೆದುಕೊಳ್ಳಿ. ಅದರ ವೇಗ ಸೆಕೆಂಡಿಗೆ ಸುಮಾರು 23 ಕಿಲೋಮೀಟರ್. ಒಂದು ನ್ಯಾನೋಮೀಟರ್ ದಾಟಲು 43 ಫೆಮ್ಟೋಸೆಕೆಂಡ್ ಬೇಕು (ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಸಾವಿರ ಲಕ್ಷಕೋಟಿಯಲ್ಲಿ ಒಂದು ಪಾಲು). ಇಷ್ಟು ಸಮಯದಲ್ಲಿ ಎಲೆಕ್ಟ್ರಾನ್ ಒಂದು ಸಲ ದಾಟಬೇಕಾದರೆ ಜೋಡಣೆ ಎಲೆಕ್ಟ್ರಾನ್ ವೋಲ್ಟಿನ ನೂರನೇ ಒಂದರಷ್ಟಾದರೂ ಇರಬೇಕು. ತಾಗಿದಾಗ ಇರುವುದಕ್ಕಿಂತ ಇದು ಹತ್ತನೇ ಒಂದು ಪಾಲು. ಅಂದರೆ ತಾಗುವ ದೂರಕ್ಕಿಂತ ಒಂದೂವರೆ, ಎರಡು ಆಂಗ್ಸ್ಟ್ರಾಮ್ ಆಚೆ. ಹೀಗೆ 12 ಬಂತು. ಪಾಯಿಂಟ್ ಆಚೆ ಈಚೆ ಆಗಬಹುದು, ಆದರೆ 8 ಆಗುವುದಿಲ್ಲ, 20 ಕೂಡ ಆಗುವುದಿಲ್ಲ.

ಈ ಸಂಖ್ಯೆ ಹೇಳುವ ಒಂದು ಮಾತನ್ನು ಸೆಮಿನಾರಿನಲ್ಲಿ ಖಂಡಿತ ಹೇಳಿ. ಎಲೆಕ್ಟ್ರಾನ್ ದಾಟುವುದು ಎಲ್ಲೋ ದೂರದಲ್ಲಿ ಅಲ್ಲ. ಎರಡು ಗೋಳಗಳು ತಾಗುವುದಕ್ಕೆ ಕೂದಲೆಳೆಯಷ್ಟು ಮುಂಚೆ.

ನಿರ್ವಾತ_ನಾಗರಾಜ

ಮಾಸ್ತರ ಕೊನೆಯ ಮಾತು ಓದಿ ನಾನೂ ಬರೆಯಬೇಕು ಅನ್ನಿಸಿತು. ನಾನು ಮಾಸ್ ಸ್ಪೆಕ್ಟ್ರೋಮೀಟರ್, ನಿರ್ವಾತ ಉಪಕರಣಗಳ ಕೆಲಸ ಮಾಡುವವನು. ಪ್ರಯೋಗದ ಕಡೆಯಿಂದ ನೋಡಿದರೆ ಒಂದು ತಕರಾರು ಇದೆ.

ಬಿ 12 ಆದರೆ ವೃತ್ತದ ವಿಸ್ತೀರ್ಣದ ಅರ್ಧ, ಅಂದರೆ ಸುಮಾರು 226 ಚದರ ಆಂಗ್ಸ್ಟ್ರಾಮ್ ಕ್ರಾಸ್ ಸೆಕ್ಷನ್ ಎನ್ನುತ್ತೀರಿ. ಆದರೆ ಆ ವೃತ್ತದ ಒಳಗಿನ 10 ಆಂಗ್ಸ್ಟ್ರಾಮ್ ತನಕ ಗೋಳಗಳು ನಿಜಕ್ಕೂ ಗುದ್ದಿಕೊಳ್ಳುತ್ತವೆ. ಸಾವಿರ ಎಲೆಕ್ಟ್ರಾನ್ ವೋಲ್ಟ್ ಮಟ್ಟದಲ್ಲಿ ಗುದ್ದಿಕೊಂಡರೆ ಅಣು ಬಿಸಿಯಾಗುತ್ತದೆ, ಚಿಂದಿಯಾಗುತ್ತದೆ, ದಾರಿಯೂ ಬದಲಾಗುತ್ತದೆ. ಅಲ್ಲಿ ಎಲೆಕ್ಟ್ರಾನ್ ದಾಟಿರಬಹುದು, ಆದರೆ ನನ್ನ ಡಿಟೆಕ್ಟರಿಗೆ ಅದು ಇಡಿಯ ಸಿ60 ಆಗಿ ಬರುವುದಿಲ್ಲ. ಸಿ58, ಸಿ56, ಇನ್ನೂ ಚಿಕ್ಕ ತುಣುಕು ಆಗಿ ಬರುತ್ತದೆ. ಶುದ್ಧವಾದ ವರ್ಗಾವಣೆ, ಎರಡೂ ಅಣು ಇಡಿಯಾಗಿ ಉಳಿಯುವಂಥದ್ದು, 10ರಿಂದ 12ರ ನಡುವಿನ ಉಂಗುರದಲ್ಲಿ ಮಾತ್ರ. ಆ ಉಂಗುರದ ವಿಸ್ತೀರ್ಣದ ಅರ್ಧ ಲೆಕ್ಕ ಹಾಕಿ. 70 ಚದರ ಆಂಗ್ಸ್ಟ್ರಾಮ್ ಕೂಡ ಇಲ್ಲ.

ಅಂದರೆ ಒಂದೇ ಡಿಕ್ಕಿ, ಒಂದೇ ಶಕ್ತಿ. ಏನನ್ನು ಎಣಿಸುತ್ತೀರಿ ಎನ್ನುವುದರ ಮೇಲೆ ಉತ್ತರ ಮೂರು ಪಟ್ಟು ಬದಲಾಗುತ್ತದೆ. ಹೀಲಿಯಂ ಜೋಡಿಯಲ್ಲಿ ಈ ತೊಂದರೆ ಇಲ್ಲ. ಹೀಲಿಯಂ ಚೂರಾಗುವುದಿಲ್ಲವಲ್ಲ. ದೊಡ್ಡ ಅಣುವಿನಲ್ಲಿ ಪರಮಾಣುವಿನ ಸೂತ್ರ ಎಡವುವುದಾದರೆ ಮೊದಲು ಇಲ್ಲೇ ಎಡವುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ರಾಘು_ಮಾಸ್ತರ

ನಾಗರಾಜ ಅವರೇ, ಬಹಳ ಒಳ್ಳೆಯ ಮಾತು. ಬೇರೆ ಬೇರೆ ಪ್ರಯೋಗಗಳ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಮೊದಲು ಇದನ್ನೇ ನೋಡಬೇಕು.

ಹುಬ್ಳಿ_ವಿನಾಯಕ

ನನಗೆ ಇನ್ನೂ ಒಂದು ಅರ್ಥವಾಗಿಲ್ಲ. ಡಿಕ್ಕಿಗೆ ಮುಂಚೆ ಒಂದು ಸಿ60, ಒಂದು ಸಿ60 ಅಯಾನು. ಆಮೇಲೂ ಅವೇ ಎರಡು. ಎಲೆಕ್ಟ್ರಾನ್ ದಾಟಿದೆ ಅಂತ ಹೇಗ್ರೀ ಗೊತ್ತಾಗೋದು?

ನಿರ್ವಾತ_ನಾಗರಾಜ

ವೇಗದಿಂದ. ಉಂಗುರದಲ್ಲಿ ನಡೆಯುವ ವರ್ಗಾವಣೆಯಲ್ಲಿ ಅಣುಗಳ ಚಲನೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಆದ್ದರಿಂದ ದಾಟಿದ ಮೇಲೆ ಮುಂದೆ ವೇಗವಾಗಿ ಹೋಗುತ್ತಿರುವುದು ತಟಸ್ಥ ಸಿ60. ಹಿಂದೆ ನಿಧಾನವಾಗಿ ಇರುವುದು ಅಯಾನು. ದಾಟದೇ ಇದ್ದರೆ ಉಲ್ಟಾ. ನಿಧಾನದ ಅಯಾನುಗಳನ್ನು ಒಂದು ಸಣ್ಣ ವಿದ್ಯುತ್ ಕ್ಷೇತ್ರದಿಂದ ಬದಿಗೆ ಎಳೆದು ಎಣಿಸಬಹುದು. ಇಲ್ಲವೇ ಮುಂದೆ ಹೋಗುವ ಕಿರಣದಲ್ಲಿ ಅಯಾನುಗಳನ್ನು ಪಕ್ಕಕ್ಕೆ ತಿರುಗಿಸಿ, ನೇರ ಉಳಿದ ತಟಸ್ಥ ಅಣುಗಳನ್ನು ಎಣಿಸಬಹುದು.

ನಿಜವಾದ ಕಷ್ಟ ಬೇರೆ ಕಡೆ ಇದೆ. ಸಿ60 ಪುಡಿಯನ್ನು ಓವನ್‌ನಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ ಆವಿ ಮಾಡುತ್ತಾರೆ. ಕ್ರಾಸ್ ಸೆಕ್ಷನ್ ಬೇಕಾದರೆ ಆ ಆವಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಎಷ್ಟು ಅಣು ಇವೆ ಎನ್ನುವುದು ಗೊತ್ತಿರಬೇಕು. ಆವಿಯ ಒತ್ತಡ ತಾಪಮಾನಕ್ಕೆ ತುಂಬ ಸೂಕ್ಷ್ಮ. ಓವನ್ ಸ್ವಲ್ಪ ಹೆಚ್ಚು ಕಾದರೂ ಸಾಂದ್ರತೆ ಬಹಳ ಏರುತ್ತದೆ. ಆರ್ಗಾನ್ ಅನಿಲವಾದರೆ ಒತ್ತಡ ಮಾಪಕ ನೇರವಾಗಿ ಹೇಳುತ್ತದೆ. ಸಿ60 ಆವಿ ತಣ್ಣಗಿರುವ ಎಲ್ಲಾ ಗೋಡೆಗಳ ಮೇಲೆ ಕುಳಿತುಬಿಡುತ್ತದೆ, ಮಾಪಕದ ಒಳಗೂ. ಇಂಥ ಪ್ರಯೋಗಗಳಲ್ಲಿ ವಕ್ರದ ಆಕಾರ ನಂಬಿ, ಒಟ್ಟು ಎತ್ತರವನ್ನು ಸ್ವಲ್ಪ ಜೋಪಾನವಾಗಿ ತೆಗೆದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಕುಸುಮಾ_ರಸಾಯನ

ಸಹನಾ, ನಿನ್ನ ಮೊದಲ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. 174 ಕಂಪನಗಳು ಏನು ಮಾಡುತ್ತವೆ ಎಂದು ಕೇಳಿದ್ದೆ. ರಸಾಯನಶಾಸ್ತ್ರದ ಕಡೆಯಿಂದ ನೋಡೋಣ.

ಎಲೆಕ್ಟ್ರಾನ್ ಒಂದು ಅಣುವಿಗೆ ಬಂದರೆ ಅಥವಾ ಹೋದರೆ ಅಣುವಿನ ಆಕಾರ ಸ್ವಲ್ಪ ಬದಲಾಗಬೇಕು. ಚಿಕ್ಕ ಅಣುವಿನಲ್ಲಿ ಈ ಬದಲಾವಣೆ ದೊಡ್ಡದು. ಬಂಧಗಳ ಉದ್ದ ಬದಲಾಗುತ್ತದೆ, ಕೋನ ಬದಲಾಗುತ್ತದೆ. ಎಲೆಕ್ಟ್ರಾನ್ ಥಟ್ಟನೆ ದಾಟಿದಾಗ ಅಣು ಹಳೆಯ ಆಕಾರದಲ್ಲೇ ಸಿಕ್ಕಿಕೊಂಡಿರುತ್ತದೆ. ಆ ಹೊಂದಿಕೆಯಾಗದ ಶಕ್ತಿಗೆ ಮರುಜೋಡಣೆ ಶಕ್ತಿ ಎನ್ನುತ್ತೇವೆ. ಅದು ದೊಡ್ಡದಾದರೆ ಎರಡೂ ಕಡೆ ಒಂದೇ ಅಣು ಇದ್ದರೂ ಎರಡು ಸ್ಥಿತಿಗಳ ಶಕ್ತಿ ಸಮ ಆಗುವುದಿಲ್ಲ. ರೆಸೊನೆನ್ಸ್, ಅಂದರೆ ಆ ಶಕ್ತಿ ಸಮತೆ, ಹೆಸರಿಗೆ ಮಾತ್ರ.

ಸಿ60ರಲ್ಲಿ ಹೊರಗಿನ ಕಕ್ಷೆ ಐದು ಪಟ್ಟು ಸಮಶಕ್ತಿಯದು, 10 ಎಲೆಕ್ಟ್ರಾನ್ ತುಂಬಿರುತ್ತವೆ. ಒಂದನ್ನು ತೆಗೆದರೆ ಜಾನ್–ಟೆಲ್ಲರ್ ಪರಿಣಾಮದಿಂದ ಗೋಳ ಸ್ವಲ್ಪ ವಕ್ರ ಆಗಲೇಬೇಕು. ಆದರೆ ಆ ಒಂದು ಎಲೆಕ್ಟ್ರಾನಿನ ಕೊರತೆ 60 ಪರಮಾಣುಗಳ ಮೇಲೆ ಹರಡಿಕೊಂಡಿದೆ. ಒಂದೊಂದು ಬಂಧಕ್ಕೆ ಬೀಳುವ ಪಾಲು ತೀರಾ ಚಿಕ್ಕದು. ಆದ್ದರಿಂದ ಮರುಜೋಡಣೆ ಶಕ್ತಿಯೂ ಚಿಕ್ಕದು. ನೀನು ಹೆದರಿದ್ದು ಅಣು ದೊಡ್ಡದು ಎಂದು. ಆದರೆ ಅಣು ದೊಡ್ಡದಾಗಿರುವುದರಿಂದಲೇ ಪರಮಾಣುವಿನ ಸೂತ್ರ ಇಲ್ಲಿ ನಿಲ್ಲುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಪ್ರಯೋಗಾಲಯದ ಹೊರಗೂ ಇದರ ಫಲ ಕಾಣುತ್ತದೆ. 1992ರಲ್ಲಿ ಸರಿಚಿಫ್ಟ್ಚಿ, ಹೀಗರ್, ವುಡ್ಲ್ ಮತ್ತು ಸಂಗಡಿಗರು ಒಂದು ವಾಹಕ ಪಾಲಿಮರ್ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಲು ಬೇಗ ಸಿ60ಕ್ಕೆ ದಾಟುತ್ತದೆ ಎಂದು ತೋರಿಸಿದರು. ಪ್ಲಾಸ್ಟಿಕ್ ಸೌರಕೋಶಗಳಲ್ಲಿ ಎಷ್ಟೋ ವರ್ಷ ಫುಲರೀನ್‌ಗಳೇ ಎಲೆಕ್ಟ್ರಾನ್ ಪಡೆಯುವ ಕೆಲಸ ಮಾಡಿದವು.

ಸಹನಾ_ಎಂಎಸ್ಸಿ

ಕುಸುಮಾ ಅಕ್ಕ, ಇದು ನನಗೆ ಎಲ್ಲೂ ಸಿಕ್ಕಿರಲಿಲ್ಲ. ಹಾಗಾದರೆ ಡಿಕ್ಕಿಯ ಸಮಯದಲ್ಲಿ ಅಣುವಿಗೆ ಆಕಾರ ಬದಲಿಸಲು ಸಮಯ ಸಿಗುತ್ತದೆಯೋ ಇಲ್ಲವೋ?

ಕುಸುಮಾ_ರಸಾಯನ

ಅರ್ಧಂಬರ್ಧ. ಮಾಸ್ತರ ಲೆಕ್ಕದ ಪ್ರಕಾರ ನಲವತ್ತು ಚಿಲ್ಲರೆ ಫೆಮ್ಟೋಸೆಕೆಂಡ್ ಇದೆ. ಸಿ60ರ ರಾಮನ್ ರೋಹಿತದಲ್ಲಿ 1469 ತರಂಗ ಸಂಖ್ಯೆಯ (ಒಂದು ಸೆಂಟಿಮೀಟರಿಗೆ ಎಷ್ಟು ತರಂಗ ಎನ್ನುವ ಅಳತೆ) ಪ್ರಸಿದ್ಧ ರೇಖೆ ಇದೆ. ಐದು ಬದಿಯ ಉಂಗುರಗಳು ಹಿಗ್ಗಿ ಕುಗ್ಗುವ ಕಂಪನ ಅದು. ಅದರ ಆವರ್ತಕಾಲ 23 ಫೆಮ್ಟೋಸೆಕೆಂಡ್. ಅಂದರೆ ಡಿಕ್ಕಿಯ ಸಮಯದಲ್ಲಿ ಅದು ಒಂದೆರಡು ಸಲ ಆಡಿ ಮುಗಿಸುತ್ತದೆ. ಇಡೀ ಗೋಳ ಉಸಿರಾಡುವ ಕಂಪನ 497ರಲ್ಲಿದೆ, ಅದಕ್ಕೆ 67 ಫೆಮ್ಟೋಸೆಕೆಂಡ್. ಗೋಳ ಚಪ್ಪಟೆಯಾಗುವ ನಿಧಾನದ ಕಂಪನಕ್ಕೆ 120ಕ್ಕೂ ಜಾಸ್ತಿ. ಅವೆರಡಕ್ಕೆ ಸಮಯ ಸಾಲುವುದಿಲ್ಲ. ವೇಗ ಹೆಚ್ಚಿದಂತೆ ಎಲ್ಲವೂ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತವೆ, ವೇಗ ತಗ್ಗಿದಂತೆ ಒಂದೊಂದಾಗಿ ಮಾತಿಗೆ ಬರುತ್ತವೆ.

ಇನ್ನೂ ಒಂದು. ನಾಗರಾಜ ಅವರ ಓವನ್‌ನಿಂದ ಬರುವ ಅಣು ತಣ್ಣಗಿಲ್ಲ. 500 ಡಿಗ್ರಿಯಲ್ಲಿ ಅದರ ಕಂಪನಗಳಲ್ಲಿ ನಾಲ್ಕೈದು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಆಗಲೇ ಕುಳಿತಿರುತ್ತದೆ. ಆ ಗದ್ದಲದಲ್ಲಿ ಮರುಜೋಡಣೆಯ ಸಣ್ಣ ಶಕ್ತಿ ಕಾಣುವುದೂ ಇಲ್ಲ.

ನಿರ್ವಾತ_ನಾಗರಾಜ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಷ್ಟು ಶಕ್ತಿ ಇದ್ದರೂ ಅಣು ಒಡೆಯುವುದಿಲ್ಲ. ಸಿ2 ತುಣುಕು ಕಿತ್ತು ಬರಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಬೇಕು. ಆದರೆ ಒಳಗೆ 10 ಇದ್ದರೆ ಸಾಲದು. ಶಕ್ತಿ 174 ಕಡೆ ಹಂಚಿಹೋಗಿರುತ್ತದೆ. ಮೈಕ್ರೋಸೆಕೆಂಡುಗಳ ಒಳಗೆ ಒಡೆಯಬೇಕಾದರೆ 40ಕ್ಕೂ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ತುಂಬಿರಬೇಕು. ನಮ್ಮ ಉಂಗುರದ ವರ್ಗಾವಣೆಯಲ್ಲಿ ಎರಡೂ ಅಣು ಇಡಿಯಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಪ್ರದೀಪ್_ಮೈಸೂರು

ನನ್ನದೊಂದು ಸಂದೇಹ. ಸಿ60 ಬದಲು ಎದುರಿಗೆ ಸಿ70 ಇಟ್ಟರೆ ರೆಸೊನೆನ್ಸ್ ಕೆಡುತ್ತದೆ ಅಲ್ವಾ? ಆಗ ವರ್ಗಾವಣೆ ಬಿದ್ದುಹೋಗಬೇಕು.

ರಾಘು_ಮಾಸ್ತರ

ಬೀಳುವುದಿಲ್ಲ. ಸಿ70ರ ಅಯಾನೀಕರಣ ಶಕ್ತಿ ಸಿ60ಕ್ಕಿಂತ ಎಲೆಕ್ಟ್ರಾನ್ ವೋಲ್ಟಿನ ಹತ್ತನೇ ಒಂದರಷ್ಟು ಕಡಿಮೆ. ಈ ವ್ಯತ್ಯಾಸ ಎಲೆಕ್ಟ್ರಾನಿಗೆ ಗೊತ್ತಾಗಬೇಕಾದರೆ ಎಷ್ಟು ಸಮಯ ಬೇಕು? ಪ್ಲಾಂಕ್ ಸ್ಥಿರಾಂಕವನ್ನು ಆ ಶಕ್ತಿಯಿಂದ ಭಾಗಿಸಿ. 41 ಫೆಮ್ಟೋಸೆಕೆಂಡ್. ಡಿಕ್ಕಿಯ ಸಮಯವೂ ಅಷ್ಟೇ. ಅದಕ್ಕಿಂತ ವೇಗವಾಗಿ ಹೋದರೆ ಸಿ60, ಸಿ70 ಜೋಡಿಯೂ ರೆಸೊನೆಂಟ್ ಜೋಡಿಯಂತೆ ನಡೆದುಕೊಳ್ಳುತ್ತದೆ. ತುಂಬ ನಿಧಾನಕ್ಕೆ ಹೋದಾಗ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಮಾಸ್ಸಿ ನಿಯಮ ಎಂದು ಪುಸ್ತಕದಲ್ಲಿ ಓದುವುದು ಇದನ್ನೇ. ಜರ್ಮನಿಯಲ್ಲಿ ರೋಮುಂಡ್ ಮತ್ತು ಎಲಿನರ್ ಕ್ಯಾಂಪ್‌ಬೆಲ್ 1997ರಲ್ಲಿ ಸಿ60 ಅಯಾನು, ಸಿ60 ಜೋಡಿಯ ವರ್ಗಾವಣೆ ಬಗ್ಗೆ ಬರೆದ ಲೇಖನ ಹುಡುಕಿ ಓದಿ. ಡ್ರೆಸ್ಡೆನ್‌ನ ಕ್ನೋಸ್ಪೆ, ಶ್ಮಿಟ್ ಮೊದಲಾದವರ ಸಿದ್ಧಾಂತ ಲೇಖನಗಳೂ ಇವೆ.

ಪ್ರದೀಪ್_ಮೈಸೂರು

ಧನ್ಯವಾದ. ಆದರೆ ಇನ್ನೊಂದು ಚುಚ್ಚುತ್ತಿದೆ. ನಮಗೆ ಕಲಿಸಿದ್ದು 'ತಡೆಗೋಡೆಯ ಮೇಲಿಂದ' ದಾಟುವ ಮಾದರಿ. ಅಯಾನು ಹತ್ತಿರ ಬಂದಾಗ ನಡುವಿನ ತಡೆ ತಗ್ಗುತ್ತದೆ, ಎಲೆಕ್ಟ್ರಾನ್ ಆರಾಮಾಗಿ ದಾಟುತ್ತದೆ. ನೀವು ಹೇಳುತ್ತಿರುವುದು ಮಾತ್ರ ಟನೆಲಿಂಗ್, ಅಂದರೆ ತಡೆಯ ಒಳಗಿಂದಲೇ ನುಸುಳಿ ದಾಟುವುದು. ಯಾವುದು ಸರಿ?

ರಾಘು_ಮಾಸ್ತರ

ಎರಡೂ ಇವೆ, ಯಾವುದು ಎಲ್ಲಿ ಎನ್ನುವುದನ್ನು ಸಂಖ್ಯೆ ಹಾಕಿ ನೋಡಬೇಕು. ಆ ಮಾದರಿಯಲ್ಲಿ ತಡೆ ಬೀಳುವ ದೂರ, ಪರಮಾಣು ಏಕಮಾನದಲ್ಲಿ, ಹೀಗಿದೆ: ಅಯಾನಿನ ಚಾರ್ಜಿನ ವರ್ಗಮೂಲದ ಎರಡರಷ್ಟಕ್ಕೆ ಒಂದು ಕೂಡಿಸಿ, ಅಯಾನೀಕರಣ ಶಕ್ತಿಯಿಂದ ಭಾಗಿಸಿ. ಒಂದೇ ಚಾರ್ಜ್ ಇರುವ ಅಯಾನಿಗೆ, ಸಿ60ರ 7.6 ಹಾಕಿದರೆ 5.7 ಆಂಗ್ಸ್ಟ್ರಾಮ್ ಬರುತ್ತದೆ. ಕೇಂದ್ರದಿಂದ ಕೇಂದ್ರಕ್ಕೆ! ಗೋಳಗಳು 10ರಲ್ಲೇ ತಾಗಿಬಿಡುತ್ತವೆ. ಅಂದರೆ ಈ ಲೆಕ್ಕದಲ್ಲಿ ತಡೆ ಬೀಳುವ ಮೊದಲೇ ಡಿಕ್ಕಿ ಆಗಿಹೋಗುತ್ತದೆ. ತಾಗುವುದಕ್ಕೆ ಮುಂಚಿನ ವರ್ಗಾವಣೆ ನಡೆಯಬೇಕಾದರೆ ಟನೆಲಿಂಗ್ ಬೇಕೇ ಬೇಕು.

ಈ ಲೆಕ್ಕ ಸಿ60ವನ್ನು ಚುಕ್ಕಿ ಎಂದುಕೊಳ್ಳುತ್ತದೆ, ಅದು ಇದರ ದೊಡ್ಡ ಕೊರತೆ. ಸಿ60ರ ಎಲೆಕ್ಟ್ರಾನ್‌ಗಳು ಪಕ್ಕದ ಚಾರ್ಜಿಗೆ ಸುಲಭವಾಗಿ ಸರಿದಾಡುತ್ತವೆ. ಅದರ ಧ್ರುವೀಯತೆ ಸುಮಾರು 80 ಘನ ಆಂಗ್ಸ್ಟ್ರಾಮ್. ಅದಕ್ಕೇ ಲೋಹದ ಗೋಳ ಎಂದು ತೆಗೆದುಕೊಂಡು ಲೆಕ್ಕ ಮಾಡುವ ಪದ್ಧತಿ ಬಂತು. ಆಗ ತಡೆ ಇನ್ನಷ್ಟು ಬೇಗ ತಗ್ಗುತ್ತದೆ.

ಹೆಚ್ಚು ಚಾರ್ಜಿನ ಅಯಾನು ಬಂದರೆ ಚಿತ್ರವೇ ಬೇರೆ. ಎಂಟು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್ ಹಾಕಿ ನೋಡಿ. ಅದೇ ಸೂತ್ರ 12.6 ಆಂಗ್ಸ್ಟ್ರಾಮ್ ಕೊಡುತ್ತದೆ. ಆರ್ಗಾನ್ ಚಿಕ್ಕದು, ಅಷ್ಟು ದೂರದಲ್ಲಿ ಅದು ಸಿ60ವನ್ನು ಮುಟ್ಟುವುದೂ ಇಲ್ಲ. ಅಲ್ಲಿ ತಡೆಗೋಡೆಯ ಮಾದರಿ ಸೊಗಸಾಗಿ ಕೆಲಸ ಮಾಡುತ್ತದೆ. ನಿಮಗೆ ಕಲಿಸಿದ ಉದಾಹರಣೆಗಳು ಬಹುಶಃ ಆ ಕಡೆಯವು.

ದೀಪಾ_ಮುಂಬೈ

ಹೆಚ್ಚು ಚಾರ್ಜಿನ ಅಯಾನುಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್ಆರ್‌ನಲ್ಲಿ ಲೋಕೇಶ ತ್ರಿಬೇದಿ ಅವರ ತಂಡ ಪೆಲೆಟ್ರಾನ್ ವೇಗವರ್ಧಕದ ವೇಗದ ಅಯಾನುಗಳನ್ನು ಸಿ60 ಆವಿಯ ಮೇಲೆ ಹಾಯಿಸಿ ಅಭ್ಯಾಸ ಮಾಡಿದೆ. ಅಲ್ಲಿನ ವೇಗ ನೀವು ಮಾತಾಡುತ್ತಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ವೇಗದಲ್ಲಿ ಒಂದು ಎಲೆಕ್ಟ್ರಾನ್ ಅಲ್ಲ, ಎಲ್ಲಾ ವೇಲೆನ್ಸ್ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ಪ್ಲಾಸ್ಮಾನ್ ಮುಖ್ಯವಾಗುತ್ತದೆ. ಸಿ60ರಲ್ಲಿ ಅದು ಸುಮಾರು 20 ಎಲೆಕ್ಟ್ರಾನ್ ವೋಲ್ಟಿನಲ್ಲಿದೆ. ಬೆಂಗಳೂರಿನಲ್ಲೂ 1990ರ ದಶಕದ ಮೊದಲ ವರ್ಷಗಳಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಫುಲರೀನ್ ಮೇಲೆ ಸಾಕಷ್ಟು ಕೆಲಸ ಮಾಡಿತು. ಆದರೆ ಅದು ಘನ ಪದಾರ್ಥದ ಕಡೆ, ಡಿಕ್ಕಿಗಳ ಕಡೆ ಅಲ್ಲ.

ತಾರಾಪ್ರಿಯ

ನಾನು ಖಗೋಳದ ಕಡೆಯವನು. 2010ರಲ್ಲಿ ಸ್ಪಿಟ್ಜರ್ ದೂರದರ್ಶಕ ಟಿಸಿ 1 ಎಂಬ ಗ್ರಹೀಯ ನೀಹಾರಿಕೆಯಲ್ಲಿ ಸಿ60 ಕಂಡುಹಿಡಿಯಿತು. 2015ರಲ್ಲಿ ಬಾಸೆಲ್‌ನ ಜಾನ್ ಮೇಯರ್ ತಂಡ, ನಕ್ಷತ್ರಗಳ ನಡುವಿನ ಅನಿಲದಲ್ಲಿ ಕಾಣುವ 9577 ಮತ್ತು 9632 ಆಂಗ್ಸ್ಟ್ರಾಮ್ ಪಟ್ಟಿಗಳು ಸಿ60 ಅಯಾನಿನವೇ ಎಂದು ಪ್ರಯೋಗಾಲಯದಲ್ಲಿ ತೋರಿಸಿತು. 1994ರಲ್ಲಿ ಫೋಯಿಂಗ್ ಮತ್ತು ಎಹ್ರೆನ್‌ಫ್ರಾಯ್ಂಡ್ ಆ ಪಟ್ಟಿಗಳನ್ನು ಗುರುತಿಸಿ ಸೂಚನೆ ಕೊಟ್ಟಿದ್ದರು. ಹಾಗಾದರೆ ಆಕಾಶದಲ್ಲಿ ಸಿ60ಕ್ಕೂ ಸಿ60 ಅಯಾನಿಗೂ ನಡುವೆ ಈ ವರ್ಗಾವಣೆ ನಡೆಯುತ್ತಿರುತ್ತದೆ ಅಲ್ಲವೇ?

ರಾಘು_ಮಾಸ್ತರ

ನಡೆಯಬಹುದು, ಆದರೆ ಲೆಕ್ಕಕ್ಕೆ ಬರುವಷ್ಟು ಅಲ್ಲ. ಅಲ್ಲಿ ಅನಿಲ ಅತಿ ವಿರಳ. ಸಿ60 ಇನ್ನೂ ವಿರಳ. ಒಂದು ಸಿ60ಕ್ಕೆ ಇನ್ನೊಂದು ಸಿ60 ಸಿಗುವುದೇ ಅಪರೂಪ. ಅಲ್ಲಿ ಅಯಾನು ಆಗುವುದು ನಕ್ಷತ್ರಗಳ ನೇರಳಾತೀತ ಬೆಳಕಿನಿಂದ, ಮತ್ತೆ ತಟಸ್ಥ ಆಗುವುದು ಬಿಡಿ ಎಲೆಕ್ಟ್ರಾನ್ ಸಿಕ್ಕಿದಾಗ. ಸೆಮಿನಾರಿನಲ್ಲಿ ನೀಹಾರಿಕೆಯ ಚಿತ್ರ ಹಾಕಿ, ಇದಕ್ಕಾಗಿಯೇ ಈ ಡಿಕ್ಕಿ ಮುಖ್ಯ ಎಂದು ಹೇಳಿಬಿಡುವ ಆಸೆ ಆಗುತ್ತದೆ. ಸಹನಾ, ದಯವಿಟ್ಟು ಹಾಗೆ ಹೇಳಬೇಡಿ. ಈ ವಿಷಯಕ್ಕೆ ತನ್ನದೇ ತೂಕ ಇದೆ. ಒಂದು ಪರಮಾಣುವಿನಿಂದ ಹಿಡಿದು ಘನ ಪದಾರ್ಥದ ತನಕ ಎಲೆಕ್ಟ್ರಾನ್ ಹೇಗೆ ಜಿಗಿಯುತ್ತದೆ ಎನ್ನುವ ಕಥೆಯಲ್ಲಿ ಇದು ನಡುವಿನ ಮೆಟ್ಟಿಲು. ಘನ ಸಿ60ಕ್ಕೆ ಪೊಟ್ಯಾಸಿಯಂ ಸೇರಿಸಿದರೆ 18 ಕೆಲ್ವಿನ್ ಸುಮಾರಿಗೆ ಅತಿವಾಹಕ ಆಗುತ್ತದೆ ಎಂದು 1991ರಲ್ಲಿ ಗೊತ್ತಾಯಿತು. ಅಲ್ಲಿ ಅಣುವಿನಿಂದ ಅಣುವಿಗೆ ಜಿಗಿಯುವುದೂ ಇಂಥ ಜೋಡಣೆಯಿಂದಲೇ.

ಪ್ರದೀಪ್_ಮೈಸೂರು

ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸಿ60 ಬಂದರೆ? ಒಂದು ಎಲೆಕ್ಟ್ರಾನ್ ಪಡೆದರೆ ಎರಡೂ ಒಂದೊಂದು ಚಾರ್ಜಿನ ಅಯಾನು ಆಗುತ್ತವೆ.

ಕುಸುಮಾ_ರಸಾಯನ

ಇದು ಬಹಳ ಚೆನ್ನಾದ ಜಾಗ. ಎರಡನೇ ಅಯಾನೀಕರಣ ಶಕ್ತಿ ಸುಮಾರು 11.4. ಮೊದಲನೆಯದು 7.6. ಅಂದರೆ 3.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಗೆ ಬರಬೇಕು. ಆದರೆ ದಾಟಿದ ಕ್ಷಣದಲ್ಲಿ ಎರಡೂ ಧನ ಅಯಾನು, ಒಂದನ್ನೊಂದು ದೂಡುತ್ತವೆ. 10 ಆಂಗ್ಸ್ಟ್ರಾಮ್ ದೂರದಲ್ಲಿ ಆ ವಿಕರ್ಷಣೆಯ ಶಕ್ತಿ 1.4. ಉಳಿದ 2.4 ಎಲ್ಲಿಗೆ ಹೋಗಬೇಕು? ಅಣುವಿನೊಳಗೇ, ಉದ್ರೇಕಿತ ಸ್ಥಿತಿಗಳಿಗೆ. ದೊಡ್ಡ ಅಣುವಿನಲ್ಲಿ ಅಂಥ ಸ್ಥಿತಿಗಳು ದಟ್ಟವಾಗಿವೆ, ಆದ್ದರಿಂದ ಜಾಗ ಸಿಗುತ್ತದೆ.

ಈ ವಿಕರ್ಷಣೆಯ ತಡೆಯನ್ನು ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಡೀಟ್ಹಾರ್ಡ್ ಬೋಮೆ ತಂಡ ಚೆನ್ನಾಗಿ ತೋರಿಸಿದೆ. ಎರಡು ಚಾರ್ಜಿನ ಸಿ60ಕ್ಕೆ ಬೇರೆ ಬೇರೆ ಚಿಕ್ಕ ಅಣುಗಳನ್ನು ಕೊಠಡಿ ತಾಪಮಾನದಲ್ಲಿ ಸೇರಿಸಿ ನೋಡಿದರು. ಶಕ್ತಿಯ ಲೆಕ್ಕ ಮಾತ್ರ ನೋಡಿದರೆ ಅಯಾನೀಕರಣ ಶಕ್ತಿ 11.4ಕ್ಕಿಂತ ಕಡಿಮೆ ಇರುವ ಯಾವ ಅಣುವಾದರೂ ಎಲೆಕ್ಟ್ರಾನ್ ಬಿಟ್ಟುಕೊಡಬೇಕು. ಆದರೆ ಸುಮಾರು 9.6ಕ್ಕಿಂತ ಕೆಳಗಿನವು ಮಾತ್ರ ಕೊಟ್ಟವು. 9.24 ಇರುವ ಬೆಂಜೀನ್ ಆ ಗೆರೆಯ ಈಚೆ, 10.07 ಇರುವ ಅಮೋನಿಯಾ ಆಚೆ. ನಡುವಿನ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಆ ತಡೆಗೆ ಕಟ್ಟಬೇಕಾದ ಬೆಲೆ. ತಟಸ್ಥ ಸಿ60ರದು 7.6 ಮಾತ್ರ. ಅದು ಗೆರೆಯಿಂದ ತುಂಬ ಈಚೆಗೇ ಇದೆ.

ರಾಘು_ಮಾಸ್ತರ

ಎರಡೂ ಅಯಾನು ಆಗಿರುವಾಗಲೂ ರೆಸೊನೆನ್ಸ್ ಸಾಧ್ಯ ಎನ್ನುವುದನ್ನು ಸೇರಿಸುತ್ತೇನೆ. ಒಂದು ಚಾರ್ಜಿನ ಸಿ60, ಎರಡು ಚಾರ್ಜಿನ ಸಿ60. ಒಂದು ಎಲೆಕ್ಟ್ರಾನ್ ದಾಟಿದರೆ ಪಾತ್ರ ಅದಲುಬದಲು, ಅಷ್ಟೇ. ಜರ್ಮನಿಯ ಗೀಸನ್‌ನಲ್ಲಿ ಬ್ರಾಯ್ನಿಂಗ್, ಸಾಲ್ಜ್‌ಬೋರ್ನ್ ಮತ್ತು ಸಂಗಡಿಗರು ಎರಡು ಅಯಾನು ಕಿರಣಗಳನ್ನು ಅಡ್ಡ ಹಾಯಿಸಿ ಇದನ್ನು ಅಳೆದರು, 2003ರಲ್ಲಿ ಪ್ರಕಟಿಸಿದರು. ಎದುರಿಗೆ ಆವಿ ಇಲ್ಲ, ಇನ್ನೊಂದು ಕಿರಣ ಇದೆ. ಕಿರಣದ ಸಾಂದ್ರತೆ ಆವಿಗಿಂತ ತುಂಬ ತೆಳು. ಅಷ್ಟು ಕಡಿಮೆ ಘಟನೆಗಳನ್ನು ಹೆಕ್ಕಿ ತೆಗೆಯುವುದು ಎಂಥ ಕೆಲಸ ಎಂದು ನಾಗರಾಜ ಅವರಿಗೆ ಗೊತ್ತಿರುತ್ತದೆ.

ನಿರ್ವಾತ_ನಾಗರಾಜ

ಗೊತ್ತು ಸರ್. ನಿರ್ವಾತದಲ್ಲಿ ಉಳಿದ ಅನಿಲದ ಜೊತೆಗಿನ ಡಿಕ್ಕಿಗಳೇ ನಿಜವಾದ ಸಂಕೇತಕ್ಕಿಂತ ಎಷ್ಟೋ ಪಾಲು ಹೆಚ್ಚಿರುತ್ತವೆ. ಎರಡು ಕಿರಣದ ಉತ್ಪನ್ನಗಳು ಒಂದೇ ಕ್ಷಣದಲ್ಲಿ ಬಂದವೇ ಎಂದು ನೋಡಿ ಬೇರ್ಪಡಿಸಬೇಕು. ಅದಕ್ಕೆ ಪ್ರತಿಯಾಗಿ ಒಂದು ದೊಡ್ಡ ಲಾಭ ಇದೆ. ಕಿರಣದ ಕರೆಂಟನ್ನು ನೇರವಾಗಿ ಅಳೆಯಬಹುದು. ಓವನ್ ಆವಿಯ ಸಾಂದ್ರತೆಯ ತಲೆನೋವು ಇಲ್ಲ. ನಾನು ಮೇಲೆ ಹೇಳಿದ ಎತ್ತರದ ಅನುಮಾನಕ್ಕೆ ಇದು ಸರಿಯಾದ ಮದ್ದು.

ಹುಬ್ಳಿ_ವಿನಾಯಕ

ನೇರವಾಗಿ ಗುದ್ದಿದರೆ ಎರಡು ಚೆಂಡು ಸೇರಿ ಒಂದೇ ದೊಡ್ಡದು ಆಗುವುದಿಲ್ಲವೇ?

ರಾಘು_ಮಾಸ್ತರ

ಆಗುತ್ತದೆ. 1993ರಲ್ಲಿ ಕ್ಯಾಂಪ್‌ಬೆಲ್ ತಂಡ ತೋರಿಸಿತು. ಎರಡೂ ಸಮ ತೂಕ ಇರುವುದರಿಂದ ಕೊಟ್ಟ ಶಕ್ತಿಯ ಅರ್ಧ ಮಾತ್ರ ಡಿಕ್ಕಿಗೆ ಸಿಗುತ್ತದೆ. ಆ ಅರ್ಧವೇ 60ರಿಂದ 80 ಎಲೆಕ್ಟ್ರಾನ್ ವೋಲ್ಟ್ ಆಗಬೇಕು, ಆಗ ಎರಡು ಪಂಜರ ಸೇರಿಕೊಳ್ಳಲು ಶುರುವಾಗುತ್ತದೆ. ಇನ್ನೂ ಜೋರಾಗಿ ಗುದ್ದಿದರೆ ಸೇರುವ ಬದಲು ಒಡೆಯುತ್ತದೆ. ಆದರೆ ಇದೆಲ್ಲ ನಾಗರಾಜ ಹೇಳಿದ ಉಂಗುರದ ಒಳಗಿನ ಕಥೆ.

ಸಹನಾ_ಎಂಎಸ್ಸಿ

ಎಲ್ಲರಿಗೂ ತುಂಬ ಧನ್ಯವಾದ. ಸೆಮಿನಾರಿನ ಕ್ರಮವನ್ನೇ ಬದಲಿಸುತ್ತಿದ್ದೇನೆ. ಮೊದಲು ಉಂಗುರದ ಚಿತ್ರ, ಆಮೇಲೆ 1.6 ಆಂಗ್ಸ್ಟ್ರಾಮ್ ಲೆಕ್ಕ, ಆಮೇಲೆ ಅಕ್ಕ ಹೇಳಿದ ಮರುಜೋಡಣೆ. ಕೊನೆಯ ಒಂದು ಪ್ರಶ್ನೆ. ಪ್ರಯೋಗದ ಬಿಂದುಗಳು ಸಿಕ್ಕಿದರೆ ಅವನ್ನು ಹೇಗೆ ಗ್ರಾಫ್ ಮಾಡಲಿ? ಶಕ್ತಿಗೆ ಎದುರಾಗಿ ಕ್ರಾಸ್ ಸೆಕ್ಷನ್ ಹಾಕಿದರೆ ಏನೂ ಕಾಣುವುದಿಲ್ಲ, ಬರೀ ಮಲಗಿದ ಗೆರೆ.

ರಾಘು_ಮಾಸ್ತರ

ಕ್ರಾಸ್ ಸೆಕ್ಷನ್‌ನ ವರ್ಗಮೂಲ ತೆಗೆಯಿರಿ. ಅದನ್ನು ವೇಗದ ಲಾಗರಿದಮ್‌ಗೆ ಎದುರಾಗಿ ಹಾಕಿ. ಫಿರ್ಸೋವ್ ಚಿತ್ರ ಸರಿಯಾಗಿದ್ದರೆ ಇಳಿಯುವ ಸರಳರೇಖೆ ಬರುತ್ತದೆ. ಅದರ ಇಳಿಜಾರನ್ನು 7.6 ಎಲೆಕ್ಟ್ರಾನ್ ವೋಲ್ಟ್ ಒಂದರಿಂದಲೇ ಮುಂಚೆಯೇ ಹೇಳಬಹುದು. ಸ್ವಾಭಾವಿಕ ಲಾಗರಿದಮ್ ಒಂದು ಏರಿದರೆ ವರ್ಗಮೂಲ ಸುಮಾರು 0.9 ಆಂಗ್ಸ್ಟ್ರಾಮ್ ಇಳಿಯಬೇಕು. ಆವಿಯ ಸಾಂದ್ರತೆ ತಪ್ಪಿದ್ದರೆ ಎತ್ತರ, ಇಳಿಜಾರು ಎರಡೂ ಒಂದೇ ಅನುಪಾತದಲ್ಲಿ ತಪ್ಪುತ್ತವೆ. ಸಾಂದ್ರತೆಯಲ್ಲಿ 40 ಪರ್ಸೆಂಟ್ ತಪ್ಪಾದರೂ ವರ್ಗಮೂಲದಲ್ಲಿ 20ರ ಸುಮಾರು ಮಾತ್ರ. ಉಂಗುರವನ್ನಷ್ಟೇ ಎಣಿಸಿದ ಬಿಂದುಗಳಿಗೆ ಈ ಗ್ರಾಫ್ ಹೊಂದುವುದಿಲ್ಲ. ಅವಕ್ಕೆ ಒಳಗಿನ 10 ಆಂಗ್ಸ್ಟ್ರಾಮ್ ವೃತ್ತದ ಅರ್ಧವನ್ನು, ಅಂದರೆ ಸುಮಾರು 157 ಚದರ ಆಂಗ್ಸ್ಟ್ರಾಮ್, ಮೊದಲು ಕೂಡಿಸಿಕೊಳ್ಳಿ. ಆಮೇಲೆ ವರ್ಗಮೂಲ ತೆಗೆಯಿರಿ.

ನಿರ್ವಾತ_ನಾಗರಾಜ

ಯಾವ ಬಿಂದು ಹೇಗೆ ಎಣಿಸಿದ್ದು ಎಂದು ಗ್ರಾಫಿನಲ್ಲೇ ಬೇರೆ ಬೇರೆ ಗುರುತಿನಲ್ಲಿ ತೋರಿಸಿ. ನಿಧಾನದ ಅಯಾನು ಎಣಿಸಿದ್ದಕ್ಕೆ ಒಂದು ಗುರುತು, ಮುಂದೆ ಹೋದ ಇಡೀ ಸಿ60 ಎಣಿಸಿದ್ದಕ್ಕೆ ಇನ್ನೊಂದು. ಮುಗಿದ ಮೇಲೆ ಇಲ್ಲಿ ಹಾಕಿ, ನಾನೂ ನೋಡಬೇಕು.